ಪದ್ಮಿನಿಯ ತೈಲಾಭ್ಯಂಜನ

ಹೊಸ ಎಣ್ಣೆ ಹಾಕಿದುದರಿಂದಲೇ ಹಳೆಯ ಕಾರು ಸೋರಲಾರಂಭಿಸಿತೆಂಬ ಅಪವಾದವನ್ನು ಮನೆಯಲ್ಲಿ, ಬೀದಿಯಲ್ಲಿ, ಗ್ಯಾರೇಜಿನಲ್ಲಿ, ಕಡೆಕಡೆಗೆ ಹೂವು ಮಾರುವಾಕೆಯ ಬಾಯಲ್ಲಿಯೂ ಕೇಳಿ ಬೇಸತ್ತಿರುವ ನಾನು, ಆ ನಿರಪರಾಧಿಯಾದ ದ್ರವದ ಪರವಾಗಿ ನಾಲ್ಕು ಮಾತನ್ನಾಡದೆ ಇರಲಾರೆ. ಎಣ್ಣೆ ತನ್ನ ಧರ್ಮವನ್ನು ತಾನು ಪಾಲಿಸಿತು. ಮೊದಲೇ ಇದ್ದ ರಂಧ್ರಗಳನ್ನು ಅದು ತೋರಿಸಿಕೊಟ್ಟಿತೇ ಹೊರತು ಹೊಸದಾಗಿ ಕೊರೆಯಲಿಲ್ಲ. ಈ ಸೂಕ್ಷ್ಮಭೇದವನ್ನು ಗ್ರಹಿಸುವ ಶಕ್ತಿ ನಮ್ಮ ಬೀದಿಯಲ್ಲಿ ಒಬ್ಬರಿಗೆ ಮಾತ್ರ ಇದ್ದಿತು. ದುರದೃಷ್ಟವಶಾತ್ ಅವರಿಗೆ ಕಾರು ನಡೆಸಲು ಬಾರದು.

ನಮ್ಮ ಕಾರು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100ರ ವಂಶದಲ್ಲಿ ಜನಿಸಿ, ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ಬೆಳೆದು, 1970ರ ದಶಕದಲ್ಲಿ ಪದ್ಮಿನಿಯೆಂಬ ನಾಮಧೇಯವನ್ನು ಪಡೆದು, ಮಾರುತಿಯ ಆಗಮನದವರೆಗೆ ಮಧ್ಯಮವರ್ಗದ ಗೃಹಸ್ಥನ ಮನೋರಥವೂ ರಥವೂ ಆಗಿದ್ದ ಈಕೆಯ ಎಂಜಿನ್ನು 1,089 ಸಿ.ಸಿ.ಯದು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕಡೆಯ ಪದ್ಮಿನಿ 2023ರ ಅಕ್ಟೋಬರಿನಲ್ಲಿ ನಿವೃತ್ತಿ ಹೊಂದಿದಾಗ ಪತ್ರಿಕೆಗಳು ಕಣ್ಣೀರಿಟ್ಟವು. ಮೈಸೂರಿನ ನಮ್ಮ ಅಂಗಳದ ಪದ್ಮಿನಿಯ ನಿವೃತ್ತಿಯನ್ನು ನನ್ನ ಪತ್ನಿ ಅದಕ್ಕೂ ಎಷ್ಟೋ ಮೊದಲೇ ಪ್ರಸ್ತಾಪಿಸಿದ್ದಳು. ಅದು ಆಕೆಯ ತಂದೆಯ ಕಾರಾದುದರಿಂದ ಪ್ರಸ್ತಾಪಿಸುವ ಅಧಿಕಾರ ಆಕೆಗೂ, ಅದನ್ನು ನಿರಾಕರಿಸುವ ಸೌಜನ್ಯ ನನಗೂ ಇದ್ದಿತು. ಮೀಟರಿನಲ್ಲಿರುವುದು ಐದೇ ಅಂಕಿ. 99,999 ಮುಗಿದೊಡನೆ ಸಕಲ ಕರ್ಮವೂ ಕ್ಷಯವಾಗಿ ಸೊನ್ನೆಗಳ ಸಾಲು ಮರಳಿ ಉದಯಿಸುತ್ತದೆ. ಈಗ ನಡೆದಿರುವುದು ಎಷ್ಟನೆಯ ಜನ್ಮವೆಂಬ ವಿಷಯದಲ್ಲಿ ನನಗೂ ಗ್ಯಾರೇಜಿನ ಮೇಸ್ತ್ರಿಗೂ ಮತಭೇದವುಂಟು.

ಇಂತಹ ವೃದ್ಧೆಗೆ ಸಿಂಥೆಟಿಕ್ ಆಯಿಲಿನ ಯೋಗ ಬಂದುದು ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನ ಮೂಲಕ. ತನ್ನ ಹೊಸ ಕಾರಿನ ಡಿಕ್ಕಿಯಿಂದ ಹೊಳೆಯುವ ಡಬ್ಬಿಯೊಂದನ್ನು ತೆಗೆದು, “ಮಾವ, ನಿಮ್ಮ ಗಾಡಿಗೂ ಇದನ್ನ ಹಾಕಿಸಿ, ಇಪ್ಪತ್ತು ವರ್ಷ ಚಿಕ್ಕದಾಗತ್ತೆ” ಎಂದು ಹೇಳಿ ಅವನು ಊಟಕ್ಕೆ ಕುಳಿತ. ಅವನು ಮರೆತ; ನಾನು ಓದಲು ಕುಳಿತೆ. ಓದುವುದು ನಮ್ಮ ಮನೆತನಕ್ಕೆ ಅಂಟಿಬಂದಿರುವ ದೋಷ. ಕಚ್ಚಾ ಎಣ್ಣೆಯನ್ನು ಶೋಧಿಸಿ ಪಡೆಯುವ ಮಿನರಲ್ ಆಯಿಲಿನಲ್ಲಿ ಅಣುಗಳು ಗಿಡ್ಡವೂ ಉದ್ದವೂ ಸೊಟ್ಟವೂ ಆಗಿ ಬೆರೆತಿರುವುವೆಂದೂ, ರಸಾಯನಶಾಲೆಯಲ್ಲಿ ಎಥಿಲೀನ್ ಮೊದಲಾದ ಸರಳದ್ರವ್ಯಗಳಿಂದ ಹಂತಹಂತವಾಗಿ ಕಟ್ಟಿದ ತೈಲದಲ್ಲಿ ಅವು ಬಹುಮಟ್ಟಿಗೆ ಸಮಾನಗಾತ್ರದಲ್ಲಿರುವುದರಿಂದ ಚಳಿಗೆ ಬೇಗನೆ ಗಟ್ಟಿಯಾಗದೆ ಸೆಕೆಗೆ ಬೇಗನೆ ಕೆಡದೆ ಬಹುಕಾಲ ಬಾಳುವುದೆಂದೂ ತಿಳಿಯಿತು. ಪದ್ಮಿನಿ ಇದುವರೆಗೆ ಕುಡಿದು ಬಂದುದು 20ಡಬ್ಲ್ಯು-40, ಡಬ್ಬಿಯಲ್ಲಿದ್ದುದು 5ಡಬ್ಲ್ಯು-40. ಎಂಜಿನ್ನು ಕಾದಾಗ ಎರಡರ ಮಂದತೆಯೂ ಒಂದೇ ವರ್ಗದ್ದು. ವ್ಯತ್ಯಾಸವಿರುವುದು ಚಳಿಗಾಲವನ್ನು ಸೂಚಿಸುವ ಮೊದಲ ಅಂಕಿಯಲ್ಲಿ. ಐದರ ದರ್ಜೆಯ ಎಣ್ಣೆಯನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಪರೀಕ್ಷಿಸುತ್ತಾರೆ. ಧನುರ್ಮಾಸದ ಮುಂಜಾನೆ ಮಫ್ಲರು ಸುತ್ತಿಕೊಂಡು ಹುಗ್ಗಿಯ ಪ್ರಸಾದಕ್ಕೆ ಹೋಗುವುದೇ ನಮ್ಮ ಹಿಮಾಲಯ ಯಾತ್ರೆಯಾಗಿರುವಾಗ ಈ ಗುಣದಿಂದ ಮೈಸೂರಿಗೇನು ಪ್ರಯೋಜನವೆಂದು ಕೇಳಬಹುದು. ನಾನು ಕೇಳಿಕೊಳ್ಳಲಿಲ್ಲ.

ಈ ತೈಲಗಳ ಇತಿಹಾಸವಾದರೋ ಪುರಾಣಕ್ಕಿಂತ ರಮ್ಯವಾದುದು. ಮೊದಲನೆಯ ಮಹಾಯುದ್ಧದ ಅನೇಕ ವಿಮಾನಗಳ ರೋಟರಿ ಎಂಜಿನ್ನುಗಳಿಗೆ ಹಾಕುತ್ತಿದ್ದುದು ಹರಳೆಣ್ಣೆ. ಉರಿಯದೆ ಉಳಿದುದು ಹೊಗೆಯೊಂದಿಗೆ ಹಿಂದಕ್ಕೆ ಸೂಸಿ ವೀರಯೋಧರ ಮುಖಕ್ಕೂ ಮೂಗಿಗೂ ಬಾಯಿಗೂ ಸಿಂಪಡಿಸಲ್ಪಡುತ್ತಿತ್ತಂತೆ. ತತ್ಪರಿಣಾಮವನ್ನು, ಬೇಸಗೆಯ ರಜೆಯಲ್ಲಿ ಅಜ್ಜಿಯ ಕೈಯಿಂದ ಹರಳೆಣ್ಣೆ ಕುಡಿದವರಾರಿಗೂ ವಿವರಿಸಬೇಕಾಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಯಮಿಗೆ ಬರ ಬಂದಾಗ ಜರ್ಮನಿಯ ರಸಾಯನಜ್ಞರು ಕೃತಕ ತೈಲಗಳನ್ನು ಸಿದ್ಧಪಡಿಸಿದರು. 1974ರಲ್ಲಿ ಮೊಬಿಲ್ 1 ಎಂಬ ಸಿಂಥೆಟಿಕ್ ಎಣ್ಣೆ ಅಮೆರಿಕದ ಅಂಗಡಿಗಳಿಗೆ ಬಂದಿತು. ತರುವಾಯ 1999ರಲ್ಲಿ ಅಲ್ಲಿಯೇ ಒಂದು ಜಾಹೀರಾತಿನ ವ್ಯಾಜ್ಯವೆದ್ದು, ಕಚ್ಚಾ ಎಣ್ಣೆಯಿಂದಲೇ ಹೊರಟರೂ ಜಲಜನಕದ ಉಗ್ರಸಂಸ್ಕಾರದಿಂದ ಅಣುರಚನೆಯನ್ನು ಬದಲಿಸಿಕೊಂಡ ಎಣ್ಣೆಯನ್ನೂ ಸಿಂಥೆಟಿಕ್ ಎನ್ನಲು ಅಡ್ಡಿಯಿಲ್ಲವೆಂಬ ನಿರ್ಣಯವಾಯಿತು. ಸಂಸ್ಕಾರದಿಂದ ದ್ವಿಜತ್ವ ಲಭಿಸುವುದೆಂಬುದನ್ನು ಅಮೆರಿಕದವರೂ ಒಪ್ಪಿದರಲ್ಲಾ ಎಂದು ಹಿಗ್ಗಿ ನಾನು ಇದೆಲ್ಲವನ್ನೂ ಅಡಿಗೆಯ ಮನೆಯ ಬಾಗಿಲಲ್ಲಿ ನಿಂತು ನಿವೇದಿಸಿದೆ. “ತುಪ್ಪಕ್ಕಿಂತ ದುಬಾರಿಯೇನ್ರೀ?” ಎಂದಳು ಪತ್ನಿ. ಇತಿಹಾಸಪ್ರಜ್ಞೆಯಿಲ್ಲದವರೊಡನೆ ವಾದಿಸಬಾರದು.

ಮೇಸ್ತ್ರಿ ಬಾನೆಟ್ಟನ್ನು ಎತ್ತುವುದಕ್ಕೆ ಮೊದಲೇ ತೀರ್ಪು ಕೊಟ್ಟ. “ಬ್ಯಾಡ ಸಾರ್. ಹಳೇ ಗಾಡಿ. ಒಳಗಡೆ ಕೊಳೇನೇ ಹಿಡ್ಕೊಂಡು ನಿಂತೈತೆ. ಇದು ಅದನ್ನ ತೊಳೆದ್ಬಿಟ್ರೆ ಎಲ್ಲಾ ಆಚೆಗೆ ಬತ್ತದೆ.” ಆರಂಭಕಾಲದ ಕೆಲವು ಸಿಂಥೆಟಿಕ್ ತೈಲಗಳು ರಬ್ಬರಿನ ಸೀಲುಗಳನ್ನು ಕುಗ್ಗಿಸುತ್ತಿದ್ದುದು ನಿಜವೆಂದೂ, ಈಗ ಅವುಗಳಿಗೆ ಎಸ್ಟರುಗಳನ್ನು ಬೆರೆಸಿ ಆ ದೋಷವನ್ನು ಪರಿಹರಿಸಿರುವರೆಂದೂ, ಆದುದರಿಂದ ಭಯಕ್ಕೆ ಕಾರಣವಿಲ್ಲವೆಂದೂ ನಾನು ಸವಿಸ್ತಾರವಾಗಿ ಪ್ರತಿಪಾದಿಸಿದೆ. ಆತ ಬನಿಯನ್ ವೇಸ್ಟಿನಿಂದ ಕೈಯೊರೆಸಿಕೊಳ್ಳುತ್ತ ಪೂರ್ತಿಯಾಗಿ ಕೇಳಿ, “ಆಯ್ತು ಸಾರ್, ನಿಮ್ ಗಾಡಿ” ಎಂದ. ಈ ನಾಡಿನ ಕುಶಲಕರ್ಮಿಗಳ ಬಾಯಲ್ಲಿ ಇದಕ್ಕಿಂತ ಕಠೋರವಾದ ಖಂಡನೆಯಿಲ್ಲ.

ಡ್ರೈನ್ ನಟ್ಟನ್ನು ಬಿಚ್ಚಿದವನು ಗ್ಯಾರೇಜಿನ ಹುಡುಗ. ಕಾಡಿಗೆಯಷ್ಟು ಕಪ್ಪಾದ ಎಣ್ಣೆ ಅವನ ಬರಿಗೈಗಳ ಮೇಲಿಳಿದು ಮೊಣಕೈಯವರೆಗೆ ಹರಿದು, ಕತ್ತರಿಸಿದ ಹಳೆಯ ಡಬ್ಬಿಯೊಳಕ್ಕೆ ಬಿದ್ದಿತು. ಹಳೆಯ ಆಯಿಲನ್ನು ಏನು ಮಾಡುತ್ತೀರೆಂದು ಕೇಳಿದೆ. ಗೆದ್ದಲು ಹಿಡಿಯದಂತೆ ಬೇಲಿಯ ಕಂಬಗಳಿಗೆ ಬಳಿಯಲು ಹಳ್ಳಿಯವರು ಒಯ್ಯುತ್ತಾರೆ, ಮಿಕ್ಕಿದ್ದು ‘ಅಲ್ಲೇ’ ಎಂದ. ಅಲ್ಲೇ ಎಂದರೆ ಮೋರಿ. ಬಳಸಿದ ಎಂಜಿನ್ ಆಯಿಲು ನಮ್ಮ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದು ಬಹುಕಾಲ ಮೈಗೆ ತಾಗುತ್ತಿದ್ದರೆ ಚರ್ಮಕ್ಕೆ ಕೇಡೆಂದು ಡಬ್ಬಿಗಳ ಬೆನ್ನ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಿಸಿರುವುದುಂಟು. ಹುಡುಗನಿಗೆ ಬರುತ್ತಿದ್ದುದು ಕನ್ನಡ, ಅದೂ ಅಕ್ಷರಕ್ಕಕ್ಷರ ಕೂಡಿಸಿ. ಕೈ ತೊಳೆಯಲು ಅವನಿಗಿದ್ದುದು ಒಂದಿಷ್ಟು ಪೆಟ್ರೋಲು, ಒಂದಿಷ್ಟು ಬಟ್ಟೆಸೋಪಿನ ಪುಡಿ. ಎಂಜಿನ್ನಿನ ಒಳಮೈಯ ನುಣುಪಿಗಾಗಿ ಜರ್ಮನಿಯಿಂದ ಅಮೆರಿಕದವರೆಗೆ ಇಷ್ಟೊಂದು ವಿದ್ಯೆ ವ್ಯಯವಾಗಿದೆ. ಆ ಕೈಗಳಿಗೆ ಒಂದು ಜೊತೆ ರಬ್ಬರಿನ ಕೈಗವಸು ಒದಗಿಸಬೇಕೆಂದು ಆ ವಿದ್ಯೆಯಲ್ಲಿ ನಾನು ಓದಿದ ಯಾವ ಪುಟದಲ್ಲಿಯೂ, ಗ್ಯಾರೇಜಿನ ಯಾವ ಬಿಲ್ಲಿನಲ್ಲಿಯೂ ಇರಲಿಲ್ಲ.

ಕೆಲವು ಕಾಲ ಪದ್ಮಿನಿ ಸಂಗೀತದ ಕಡೆಗೆ ವಾಲಿದಳು. ಟ್ಯಾಪೆಟ್ಟಿನ ಟಕಟಕ ಇಳಿಯಿತೆಂದು ನಾನು. ನನ್ನ ಕಿವಿಯೇ ಮಂದವಾಗಿದೆಯೆಂದು ಪತ್ನಿ. ಅಷ್ಟರಲ್ಲಿ ಅಂಗಳದ ರಂಗವಲ್ಲಿಯ ಪಕ್ಕದಲ್ಲಿ, ಯಾರೂ ಇಡದ ಚುಕ್ಕಿಯೊಂದು ಕಾಣಿಸಿಕೊಂಡಿತು.

ವಿಜ್ಞಾನದೃಷ್ಟಿಯುಳ್ಳವನು ಚುಕ್ಕಿಗೆ ಹೆದರಬಾರದು, ಅಳೆಯಬೇಕು. ಫ್ರಿಜ್ಜು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಕಾರಿನಡಿಗೆ ಹಾಸಿ, ಪ್ರತಿ ಬಿಂದುವಿನ ಸುತ್ತಲೂ ಪೆನ್ಸಿಲಿನಿಂದ ವೃತ್ತವೆಳೆದು, ತಿಥಿವಾರಗಳನ್ನು ನಮೂದಿಸಲಾರಂಭಿಸಿದೆ. ಆದರೆ ಬಿಂದು ಬಿದ್ದ ಸ್ಥಳವಷ್ಟೇ ತಿಳಿದರೆ ಸಾಲದು, ಹುಟ್ಟುವ ಸ್ಥಳ ತಿಳಿಯಬೇಡವೆ? ಆದುದರಿಂದ ಒಂದು ಮುಂಜಾವು ಚಾಪೆಯೊಂದನ್ನು ಹಾಸಿಕೊಂಡು, ಟಾರ್ಚು ಹಿಡಿದು, ಪದ್ಮಿನಿಯ ಉದರದ ಕೆಳಗೆ ಅಂಗಾತನಾಗಿ ಮಲಗಿದೆ. ಆಯಿಲ್ ಚೇಂಬರಿನ ಅಂಚಿನಲ್ಲಿ ತೇವವೊಂದು ಮಿನುಗಿತು, ಸಾವಕಾಶವಾಗಿ ತುಂಬಿ ಬಂದಿತು, ದುಂಡಗಾಯಿತು, ಇನ್ನೇನು ಬಿದ್ದಿತೆನ್ನುವಷ್ಟರಲ್ಲಿ ಮನಸ್ಸು ಬದಲಿಸಿ ಅಲ್ಲಿಯೇ ತೂಗಿತು. ಉಸಿರು ಬಿಗಿಹಿಡಿದಿದ್ದೆ. ಆಗ ಬೀದಿಯ ಕಡೆಯಿಂದ, “ರಾಯರೇ, ಏನಿದು ಶಯನಪ್ರದಕ್ಷಿಣೆ?” ಎಂಬ ಧ್ವನಿ ಕೇಳಿಸಿತು. ಎದುರು ಮನೆಯ ಶಾಸ್ತ್ರಿಗಳು. ಸಂಸ್ಕೃತ ಪಾಠಶಾಲೆಯಲ್ಲಿ ತರ್ಕಶಾಸ್ತ್ರವನ್ನು ಬೋಧಿಸಿ ವಿಶ್ರಾಂತರಾಗಿರುವವರು. “ಬಿಂದುವಿನ ಮೂಲವನ್ನು ಶೋಧಿಸುತ್ತಿದ್ದೇನೆ” ಎಂದೆ. ಮೂಲಶೋಧನೆಯೆಂಬ ಮಾತು ಕಿವಿಗೆ ಬಿದ್ದಮೇಲೆ ತಾರ್ಕಿಕನಾದವನು ಹೊರಗೆ ನಿಲ್ಲುವುದುಂಟೆ? ಶಾಸ್ತ್ರಿಗಳು ಉತ್ತರೀಯವನ್ನು ಗೇಟಿಗೆ ತೂಗುಹಾಕಿ, ನನ್ನ ಪಕ್ಕದಲ್ಲಿ ಮೆಲ್ಲಗೆ ಸರಿದುಬಂದು ಮಲಗಿದರು.

“ನಮ್ಮವರ ಮತದಲ್ಲಿ ಸ್ನೇಹಗುಣವಿರುವುದು ನೀರಿಗೆ ಮಾತ್ರ” ಎಂದು ಅವರು ಉಪಕ್ರಮಿಸಿದರು. “ಎಣ್ಣೆಯಲ್ಲಿ ಜಿಡ್ಡು ತೋರುವುದು ಅದರೊಳಗಿರುವ ಜಲಾಂಶದಿಂದ.” ಎಂಜಿನ್ ಆಯಿಲಿನಲ್ಲಿ ಜಲಾಂಶ ಕಂಡುಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದೇ ಅರ್ಥವೆಂದು ನಾನು ಆಕ್ಷೇಪಿಸಿದೆ. ಗ್ಯಾಸ್ಕೆಟ್ಟು ಯಾವ ಪದಾರ್ಥದಲ್ಲಿ ಅಂತರ್ಭಾವವಾಗುವುದೆಂದು ಅವರು ಕೇಳಿದರು. ಪ್ರಕೃತವನ್ನು ಬಿಟ್ಟು ದೂರ ಹೋಗುತ್ತಿದ್ದೇವೆಂದು ಬಗೆದು ಮೇಸ್ತ್ರಿಯ ಸಿದ್ಧಾಂತವನ್ನು ಮುಂದಿಟ್ಟೆ: ಎಷ್ಟೋ ವರ್ಷಗಳಿಂದ ಕಲ್ಲಾದ ಸೀಲುಗಳ ಬಿರುಕುಗಳಲ್ಲಿ ಕಿಟ್ಟ ತುಂಬಿಕೊಂಡಿದ್ದಿತು, ಹೊಸ ಎಣ್ಣೆಯ ಶೋಧಕದ್ರವ್ಯಗಳು ಅದನ್ನು ಕರಗಿಸಿದುವು. ಶಾಸ್ತ್ರಿಗಳ ಕಣ್ಣು ಕತ್ತಲಲ್ಲಿಯೂ ಅರಳಿದುವು. “ಎಂಜಿನ್ನು ಕೊಳೆಗೆ ಆಧಾರವೋ, ಕೊಳೆಯೇ ಎಂಜಿನ್ನಿಗೆ ಆಧಾರವೋ! ತುಪ್ಪಕ್ಕೆ ಪಾತ್ರೆ ಆಧಾರವೋ ಪಾತ್ರೆಗೆ ತುಪ್ಪ ಆಧಾರವೋ ಎಂದು ಮಗುಚಿ ನೋಡಿದ ನೈಯಾಯಿಕನ ಕಥೆ ನಮ್ಮಲ್ಲಿದೆ. ನಿಮ್ಮ ಮೇಸ್ತ್ರಿ ಮಗುಚದೆಯೇ ಬಲ್ಲವನು, ಅವನು ದೊಡ್ಡವನು.” ನಾನು ಯಾರೆಂಬುದನ್ನು ಅವರು ಹೇಳಲಿಲ್ಲ. ಧ್ಯಾನವು ಎಣ್ಣೆಯ ಧಾರೆಯಂತೆ ಅವಿಚ್ಛಿನ್ನವಾಗಿರಬೇಕೆಂದು ವೇದಾಂತಿಗಳು ಹೇಳುವರೆಂದೂ, ಇಲ್ಲಿಯ ಧಾರೆ ವಿಚ್ಛಿನ್ನವಾಗಿರುವುದು ಅನುಕೂಲವೆಂದೂ, ಅವಿಚ್ಛಿನ್ನವಾದ ದಿನ ಕಾರು ನಿಲ್ಲುವುದೆಂದೂ ಅವರು ವಿವರಿಸುತ್ತಿರುವಂತೆಯೇ, ಅದುವರೆಗೆ ಪೂರ್ವಪಕ್ಷ ಸಿದ್ಧಾಂತಗಳೆರಡನ್ನೂ ಕೇಳುತ್ತ ತೂಗುತ್ತಿದ್ದ ಬಿಂದು ಕಳಚಿಕೊಂಡು ನೇರವಾಗಿ ಅವರ ಹಣೆಯ ವಿಭೂತಿಯ ನಡುವೆ ಬಿದ್ದಿತು. “ಪ್ರತ್ಯಕ್ಷಪ್ರಮಾಣ!” ಎಂದರು ಶಾಸ್ತ್ರಿಗಳು, ಅಲುಗದೆ.

ಅದೇ ಸಮಯಕ್ಕೆ ಹೂವಿನಾಕೆ ಬಂದಳು. ಆಕೆಗೆ ಕಂಡುದು ಕಾರಿನಡಿಯಿಂದ ಚಾಚಿಕೊಂಡಿದ್ದ ನಾಲ್ಕು ಪಾದಗಳು. “ಅಯ್ಯೋ ಅಮ್ಮಾವ್ರೇ, ಬನ್ನಿ! ರಾಯರೂ ಶಾಸ್ತ್ರಿಗಳೂ ಇಬ್ರೂ ಕಾರಡಿಗೆ ಸಿಕ್ಕವ್ರೆ!” ಎಂಬ ಆಕ್ರಂದನಕ್ಕೆ ಅರ್ಧ ಬೀದಿ ನೆರೆಯಿತು. ಒಬ್ಬನು ಜಾಕ್ ತರಲು ಓಡಿದ. ಇನ್ನೊಬ್ಬನು, ಏನೂ ಕೇಳದೆಯೇ, ಎಲ್ಲದಕ್ಕೂ ಈ ಹೊಸ ಎಣ್ಣೆಯೇ ಕಾರಣವೆಂದ. ನನ್ನ ಪತ್ನಿ ನಿಧಾನವಾಗಿ ಹೊರಬಂದು, ಪಾದಗಳನ್ನು ಪರಿಶೀಲಿಸಿ, “ಸಿಕ್ಕಿಲ್ಲ, ಮಲಗಿದ್ದಾರೆ. ನೀನು ಎರಡು ಮೊಳ ಮಲ್ಲಿಗೆ ಕೊಡು” ಎಂದಳು.

ಮುಂದಿನದು ಹೇಳುವಂತಹದಲ್ಲ. ಸೀಲುಗಳೂ ಟ್ಯಾಪೆಟ್ ಕವರಿನ ಕಾರ್ಕ್ ಪ್ಯಾಕಿಂಗೂ ಚೇಂಬರಿನ ಪ್ಯಾಕಿಂಗೂ ಹೊಸದಾದುವು, ಮೇಸ್ತ್ರಿ ನನ್ನನ್ನು ಕೇಳದೆಯೇ 20ಡಬ್ಲ್ಯು-50 ಮಿನರಲ್ ಆಯಿಲನ್ನು ತುಂಬಿದ, ಸೋರಿಕೆ ನಿಂತಿತು. ಹೊಸ ಸೀಲುಗಳೊಡನೆ ಸಿಂಥೆಟಿಕ್ ತೈಲವೂ ಸೋರುತ್ತಿರಲಿಲ್ಲವೆಂಬ ನನ್ನ ವಾದಕ್ಕೆ ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಎಣ್ಣೆಯನ್ನು ಶಾಸ್ತ್ರಿಗಳು ತಮ್ಮ ಮನೆಯ ಕಿರುಗುಟ್ಟುವ ಗೇಟಿಗೆ ಬೇಕೆಂದು ಕೇಳಿ ಒಯ್ದರು. ಕಿರುಗುಟ್ಟುವುದು ನಿಂತಿತು, ಆದರೆ ಕೀಲಿನೊಳಗೆ ಹಿಡಿದು ನಿಂತಿದ್ದ ತುಕ್ಕೆಲ್ಲ ತೊಳೆದುಹೋಗಿ ಗೇಟು ಒಂದು ಕಡೆಗೆ ಜಗ್ಗಿ ನೆಲಕ್ಕೂರಿದೆ. ಎಣ್ಣೆಯದೇನೂ ದೋಷವಿಲ್ಲವೆಂದು ಶಾಸ್ತ್ರಿಗಳು ಮನೆಯಲ್ಲಿ ಪ್ರಮಾಣಪೂರ್ವಕವಾಗಿ ಸಾಧಿಸುತ್ತಿದ್ದಾರಂತೆ. ಅದನ್ನು ಕೊಟ್ಟವರು ಯಾರೆಂಬ ವಿಚಾರಣೆ ಮಾತ್ರ ಇನ್ನೂ ನಡೆದಿರುವುದರಿಂದ, ಈಚೆಗೆ ನಾನು ಪೇಟೆಗೆ ಹಿಂದಿನ ಬೀದಿಯಿಂದ ಹೋಗುತ್ತಿದ್ದೇನೆ.