ಗೇರ್ ಕಾಕಾ

ಹುಬ್ಬಳ್ಳಿಯ ಯಾವ ಓಣಿಯನ್ನೇ ಹೊಕ್ಕು ನೋಡಿದರೂ, ಸ್ವಂತ ಕಾರನ್ನು ಮಾರಿ ಎಷ್ಟೋ ವರ್ಷಗಳು ಸಂದಿದ್ದರೂ ಪರರ ಕಾರುಗಳ ಮೇಲಣ ಅಧಿಕಾರವನ್ನು ಲೇಶಮಾತ್ರವೂ ಬಿಟ್ಟುಕೊಡದ, ಮುಂದಿನ ಎಡಗಡೆಯ ಆಸನವನ್ನು ತಮ್ಮ ಪೀಠವೆಂದೇ ಭಾವಿಸಿದ, ಅಂಗಿಯ ಒಳಜೇಬಿನಲ್ಲಿ ಹಳೆಯ ಪುಸ್ತಕರೂಪದ ಲೈಸೆನ್ಸನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವ ವೃದ್ಧ ಮಹಾಶಯರೊಬ್ಬರು ಇದ್ದೇ ಇರುವರು. ಅವರಿಗೆ ತಂದೆತಾಯಿಗಳಿಟ್ಟ ಹೆಸರು ಯಾವುದಾದರೂ ಆಗಿರಲಿ, ಓಣಿಯ ಹುಡುಗರ ಬಾಯಲ್ಲಿ ಅವರು ಗೇರ್ ಕಾಕಾ.

ಕಾಕಾ ಅವರ ಮತದಲ್ಲಿ ಮನುಷ್ಯಕುಲವು ಎರಡೇ ವರ್ಗ: ಗಾಡಿ ಹೊಡೆಯುವವರು, ಗಾಡಿಯಲ್ಲಿ ಕೂಡುವವರು. ಸ್ಟೇರಿಂಗು ಹಿಡಿದ ಮಾತ್ರಕ್ಕೆ ಯಾರೂ ಮೊದಲನೆಯ ವರ್ಗಕ್ಕೆ ಸೇರುವುದಿಲ್ಲ. ಸ್ಟೇರಿಂಗನ್ನು ಕೂಸೂ ತಿರುಗಿಸೀತು. ಎಡಗಾಲಿನಲ್ಲಿ ಕ್ಲಚ್ಚನ್ನು ಅರ್ಧ ಬಿಟ್ಟು ಅರ್ಧ ಹಿಡಿದು, ಎಡಗೈಯಲ್ಲಿ ಗೇರನ್ನು ಕಿರುಗುಟ್ಟದಂತೆ ಕೂಡಿಸಿ, ಇಂಜಿನಿಗೆ ಏದುಸಿರು ಬಾರದಂತೆ ನಡೆಸಬಲ್ಲವನೇ ಹೊಡೆಯುವವನು. ಸ್ವತಃ ಅವರು ಕಲಿತದ್ದು ಸ್ಟೇರಿಂಗಿನ ಕೊರಳಿಗೇ ಗೇರಿನ ಹಿಡಿಕೆ ಅಂಟಿಕೊಂಡಿದ್ದ ಫಿಯಾಟಿನಲ್ಲಿ. ಅದರಲ್ಲಿ ಎತ್ತಬೇಕಾದ ಗೇರು ಯಾವುದು, ಒತ್ತಬೇಕಾದದ್ದು ಯಾವುದು ಎಂದು ಕೇಳಿದರೆ ಬಾಯಿಂದ ಹೇಳಲಾರರು. ಗಾಳಿಯಲ್ಲಿ ಕೈಯಾಡಿಸಿ ತೋರಿಸುವರು. ದುರ್ಗದಬೈಲಿನಲ್ಲಿ ಗಿರಮಿಟ್ಟು ತಿನ್ನುತ್ತ ಹೀಗೆ ಕೈಯಾಡಿಸುವಾಗ ಪಕ್ಕದವರು ತಮ್ಮ ಪ್ಲೇಟನ್ನು ಅತ್ತ ಸರಿಸಿಕೊಳ್ಳುವುದು ರೂಢಿಯಾಗಿದೆ.

ಆದರೆ ಕಾಕಾ ಅವರ ವಿದ್ವತ್ತು ಪೂರ್ಣವಾಗಿ ಪ್ರಕಟವಾಗುವುದು ಅನ್ಯರು ಗಾಡಿ ಹೊಡೆಯುವಾಗ. ಗಂಗೂಬಾಯಿ ಹಾನಗಲ್ಲರು ಬಾಳಿದ ಊರಿನ ರಸಿಕರು ಬೈಠಕಿನಲ್ಲಿ ಕಣ್ಣು ಮುಚ್ಚಿ ಸ್ವರದ ನೆಲೆಯನ್ನು ಕಂಡುಕೊಳ್ಳುವಂತೆ, ಅವರು ಇಂಜಿನ್ನಿನ ನಾದದಿಂದಲೇ ಗೇರನ್ನು ನಿರ್ಣಯಿಸಬಲ್ಲರು. ಉಣಕಲ್ ಕೆರೆ ಬರುವಷ್ಟರಲ್ಲಿ "ಥರ್ಡಿಗೆ ತಗೋ, ಗಾಡಿ ಅಳಾಕತ್ತೈತಿ" ಎಂದು ಶುರುವಾದ ಆಜ್ಞೆಗಳು ಧಾರವಾಡ ಮುಟ್ಟುವತನಕ ನಿಲ್ಲುವುದಿಲ್ಲ; ಅಲ್ಲದೆ ಪ್ರತಿಯೊಂದು ಆಜ್ಞೆಯೊಡನೆ ಅವರ ಎಡಗಾಲು, ತನ್ನ ಮುಂದೆ ಯಾವ ಪೆಡಲೂ ಇಲ್ಲವೆಂಬುದನ್ನು ಲೆಕ್ಕಿಸದೆ, ನೆಲವನ್ನು ಭದ್ರವಾಗಿ ತುಳಿಯುವುದು. ಕಾಕಾ ಪದೇ ಪದೇ ಪ್ರಯಾಣಿಸುವ ಕಾರನ್ನು ಗುರುತಿಸುವುದು ಬಹಳ ಸುಲಭ: ಎಡಗಡೆಯ ರಬ್ಬರಿನ ಮ್ಯಾಟಿನ ಮೇಲೆ, ಚಪ್ಪಲಿಯ ಹಿಮ್ಮಡಿಯಷ್ಟು ಅಗಲದ ಜಾಗದಲ್ಲಿ, ಗೆರೆಗಳೆಲ್ಲ ಸವೆದು ನುಣ್ಣಗಾಗಿರುತ್ತವೆ. ಹೊಸಬರಿಗೆ ಅವರು ನಡೆಸುವ ಅಂತಿಮ ಪರೀಕ್ಷೆ ನೃಪತುಂಗ ಬೆಟ್ಟದ ಏರಿನಲ್ಲಿ. ಹಿಂದಿನ ಗಾಲಿಗೆ ಕಲ್ಲು ಕೊಡದೆ, ಹ್ಯಾಂಡ್‌ಬ್ರೇಕನ್ನು ಮುಟ್ಟದೆ, ಬರಿಯ ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ನಿಲ್ಲಿಸಿ ಮುಂದಕ್ಕೆ ಎಬ್ಬಿಸಬೇಕು. ಇದರಿಂದ ಎಷ್ಟು ಮನೆಗಳ ಕ್ಲಚ್ ಪ್ಲೇಟುಗಳು ಸುಟ್ಟುಹೋದವೆಂಬುದನ್ನು ಗೋಕುಲ ರಸ್ತೆಯ ಮೇಸ್ತ್ರಿಗಳು ಬಲ್ಲರು. ಅವರಿಗೆ ಕಾಕಾ ಎಂದರೆ ಅಪಾರ ಗೌರವ.

ಇಂತಹ ಮಹಾನುಭಾವರ ಸಾಮ್ರಾಜ್ಯಕ್ಕೆ 2014ನೆಯ ವರ್ಷವು ಕೆಟ್ಟ ಗ್ರಹಚಾರವನ್ನು ತಂದಿತು. ಅಮೆರಿಕದ ಓಲ್ಡ್ಸ್‌ಮೊಬೈಲಿನವರು 1939ರಷ್ಟು ಹಿಂದೆಯೇ ಕ್ಲಚ್ ಪೆಡಲಿಲ್ಲದ ಕಾರನ್ನು ಮಾರಿದ್ದರಾದರೂ ಅದು ಹೊರದೇಶದ ಶ್ರೀಮಂತರ ಚೇಷ್ಟೆಯೆಂದು ಕಾಕಾ ನಿಶ್ಚಿಂತರಾಗಿದ್ದರು. ಆ 2014ರಲ್ಲಿಯೇ, 1983ರಿಂದ ಮಧ್ಯಮವರ್ಗವನ್ನು ಹೊತ್ತು ತಿರುಗಿದ ಮಾರುತಿ 800ರ ತಯಾರಿಕೆ ನಿಂತಿತು. ಕೆಲವು ತಿಂಗಳಲ್ಲಿ ಅಂಬಾಸಿಡರಿನದೂ ನಿಂತಿತು. ಇವೆರಡರ ನಡುವೆ, ಸಾಮಾನ್ಯನ ಕೈಗೆಟುಕುವ ಬೆಲೆಯಲ್ಲಿ, ತಾನೇ ಗೇರು ಬದಲಿಸಿಕೊಳ್ಳುವ ಸೆಲೆರಿಯೋ ಪ್ರವೇಶಿಸಿತು. ಅನಂತರದ್ದು ಇಳಿಜಾರು. ಇನೋವಾ ಹೈಕ್ರಾಸಿನಲ್ಲಿ ಕೈಗೇರು ಬೇಕೆಂದರೂ ದೊರೆಯದು. ವಿದ್ಯುತ್ ಕಾರಿನಲ್ಲಿ ಬದಲಿಸಲಿಕ್ಕೆ ಗೇರೇ ಇಲ್ಲ. ಎಡಗೈಯ ಹಿಡಿಕೆಯನ್ನೇ ತಿರುವಿ ಗೇರು ಹಾಕುತ್ತಿದ್ದ ಚೇತಕ್ ಸ್ಕೂಟರು ಕೂಡ 2020ರಲ್ಲಿ ಗೇರಿಲ್ಲದ ವಿದ್ಯುದ್ವಾಹನವಾಗಿ ಪುನರ್ಜನ್ಮ ತಾಳಿತು. ಅಗ್ಗದ ಮಾಡಲುಗಳಲ್ಲಿ ಕೈಗೇರು ಇನ್ನೂ ಉಂಟು, ನಿಜ. ಆದರೆ ಮೇಲಿನ ದರ್ಜೆಯದನ್ನು ಕೇಳಿದೊಡನೆ ಶೋರೂಮಿನ ಹುಡುಗ "ಅದರಾಗ ಬರೇ ಆಟೋಮ್ಯಾಟಿಕ್ ಬರ್ತೈತ್ರಿ" ಎಂದು ನಗುವನು. ಸಮಾಧಾನಕ್ಕೆಂದು ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸನ್ನೇರಿದರೆ ಅಲ್ಲಿಯೂ ಚಾಲಕನ ಎಡಗಾಲು ನಿರುದ್ಯೋಗಿ. ಕಾಕಾ ಅಂದಿನಿಂದ, ಎಷ್ಟು ತಡವಾದರೂ ಸರಿ, ಉದ್ದ ದಂಡದ ಗೇರಿರುವ ಕೆಂಪು ಬಸ್ಸಿಗೇ ಕಾಯುವರು.

ವಿಪತ್ತು ಕೊನೆಗೆ ಮನೆಗೇ ಬಂದದ್ದು ಅಣ್ಣನ ಮಗನ ಹೊಸ ಕಾರಿನ ರೂಪದಲ್ಲಿ. ನಾಲ್ಕು ಗಾಲಿಗಳಡಿಯಲ್ಲಿ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಹಿರಿಯರು ಮೊದಲು ಕೂಡಲೆಂದು ಬಾಗಿಲು ತೆರೆದಾಗ, ಕಾಕಾ ಕೂಡುವ ಮೊದಲೇ ಬಗ್ಗಿ ಕೆಳಗೆ ನೋಡಿದರು.

"ಕ್ಲಚ್ ಎಲ್ಲೈತೋ ತಮ್ಮಾ?"

"ಇದಕ್ಕ ಕ್ಲಚ್ ಪೆಡಲ್ ಬರೂದಿಲ್ರಿ ಕಾಕಾ."

"ಹಂಗಾರ ಎಡಗಾಲಿಗೆ ಪೆನ್ಶನ್ ಕೊಟ್ಟಾರೇನು?"

ಆ ಹುಡುಗ ಸಜ್ಜನ. ಚನ್ನಮ್ಮ ಸರ್ಕಲ್ಲಿನ ದಟ್ಟಣೆಯಲ್ಲಿ ಕ್ಲಚ್ಚನ್ನು ತುಳಿದೂ ತುಳಿದೂ ತನ್ನ ಮೊಣಕಾಲು ನೋಯುವುದೆಂದು ವಿನಯದಿಂದ ನಿವೇದಿಸಿದನು. ಇದರೊಳಗೂ ಹಳೆಯ ಗೇರುಗಳೇ, ಹಳೆಯ ಕ್ಲಚ್ಚೇ ಇರುವುದಾಗಿಯೂ, ಅವನ್ನು ಒತ್ತಿ ತಳ್ಳುವ ಕೆಲಸವನ್ನು ಕಾಲು ಕೈಗಳ ಬದಲಾಗಿ ಒಂದು ಗಣಕದ ಆಜ್ಞೆಯಂತೆ ಯಂತ್ರವೇ ಮಾಡುವುದಾಗಿಯೂ ವಿವರಿಸಿದನು. ಈ ಕೊನೆಯ ಮಾತು ಕಾಕಾರನ್ನು ಸಂತೈಸುವ ಬದಲು ಘಾಸಿಗೊಳಿಸಿತು. ಗೇರೇ ಇಲ್ಲವೆಂದಿದ್ದರೆ ತಡೆದುಕೊಂಡಾರು; ಗೇರು ಒಳಗಿದ್ದೂ ಅದನ್ನು ಬಯ್ಯುವುದಕ್ಕೆ ಒಬ್ಬ ಮನುಷ್ಯ ಇಲ್ಲವೆಂದರೆ ಹೇಗೆ? ನನಗೆ ತೋರುವಂತೆ ಕಾಕಾ ಅವರ ನಿಜವಾದ ವ್ಯಸನ ಇದೇ. ಅವರು ಗಾಡಿ ಹೊಡೆಯುವುದನ್ನು ಪ್ರೀತಿಸಿದ್ದಕ್ಕಿಂತ, ಇತರರು ಹೊಡೆಯುವುದರಲ್ಲಿ ತಪ್ಪು ಹುಡುಕುವುದನ್ನು ಹೆಚ್ಚು ಪ್ರೀತಿಸಿದವರು. ಗಣಕವು ಗೇರನ್ನು ತಡವಾಗಿ ಬದಲಿಸಿ ಕಾರು ತೂಕಡಿಸಿದಂತಾದಾಗ ಅವರು "ಸೆಕೆಂಡ್! ಸೆಕೆಂಡ್!" ಎಂದು ಈಗಲೂ ಕೂಗುವರು. ಆದರೆ ಆ ಯಂತ್ರಕ್ಕೆ ಭಯವಿಲ್ಲ, ಭಕ್ತಿಯೂ ಇಲ್ಲ.

ಅವರ ಪಾಂಡಿತ್ಯದಲ್ಲಿ ತಿರುಳಿಲ್ಲವೆಂದು ತಿಳಿಯಬಾರದು. ಅಂಕೋಲೆಯ ದಾರಿಯಲ್ಲಿ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ, ಹತ್ತುವುದಕ್ಕೆ ಬೇಕಾದ ಗೇರಿನಲ್ಲಿಯೇ ಇಳಿಯಬೇಕೆಂದೂ, ಇಂಜಿನ್ನೇ ಗಾಡಿಯನ್ನು ಹಿಡಿಯುವಂತೆ ಮಾಡದೆ ಬರಿಯ ಬ್ರೇಕನ್ನು ನಂಬಿದರೆ ಅದು ಕಾದು ಕೈಕೊಡುವುದೆಂದೂ ಅವರು ಹೇಳುವುದು ಅಕ್ಷರಶಃ ಸತ್ಯ. ಇದನ್ನರಿಯದೆ ನ್ಯೂಟ್ರಲ್ಲಿನಲ್ಲಿ ಇಳಿದು ಪೆಟ್ರೋಲು ಉಳಿಸಹೊರಟ ಜಾಣರು ಉಂಟು. ಇಂಗ್ಲೆಂಡಿನಲ್ಲಿ ಆಟೋಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟವನು ಗೇರಿನ ಕಾರನ್ನು ನಡೆಸುವಂತಿಲ್ಲವೆಂಬ ನಿಯಮವನ್ನು ಕೇಳಿದಂದಿನಿಂದ, ಇಂಗ್ಲಿಷರನ್ನು ಕಳುಹಿಸುವಾಗ ಇದೊಂದನ್ನಾದರೂ ಇಸಿದುಕೊಳ್ಳಬೇಕಾಗಿತ್ತೆಂದು ಪರಿತಪಿಸುವರು. ನಮ್ಮಲ್ಲಿ ಈ ಭೇದವಿರುವುದು ದ್ವಿಚಕ್ರವಾಹನಗಳಿಗೆ ಮಾತ್ರ, ಕಾರಿಗಿಲ್ಲ.

ಈ ಭೇದವಿಲ್ಲದ್ದರ ಫಲವನ್ನು ಅನುಭವಿಸಿದವರು ಕಾಕಾ ಅವರ ಧರ್ಮಪತ್ನಿ ಕಾಕೂ. ಹಿಂದೊಮ್ಮೆ ನೆಹರೂ ಮೈದಾನದ ಸುತ್ತ ಮಾರುತಿ 800ರಲ್ಲಿ ಕಾಕಾರ ಶಿಷ್ಯತ್ವ ವಹಿಸಿ, "ಕ್ಲಚ್! ಕ್ಲಚ್ ಅಂದ್ನೆಲ್ಲಾ!" ಎಂಬ ಸಹಸ್ರನಾಮವನ್ನು ಕೇಳಿ, "ಇದರಕಿಂತ ರೊಟ್ಟಿ ಬಡಿಯೂದ ಚಲೋ" ಎಂದು ಕೀಲಿಕೈಯನ್ನು ಹಿಂದಕ್ಕೆ ಕೊಟ್ಟಿದ್ದ ಆ ತಾಯಿ, ಅಣ್ಣನ ಮಗನ ಕಾರಿನಲ್ಲಿ ಅರವತ್ತು ದಾಟಿದ ವಯಸ್ಸಿಗೆ ಕಲಿತು ಲೈಸೆನ್ಸು ಪಡೆದು, ಈಗ ಪ್ರತಿ ಸೋಮವಾರ ಸಿದ್ಧಾರೂಢ ಮಠಕ್ಕೆ ತಾವೇ ಹೊಡೆದುಕೊಂಡು ಹೋಗುವರು. ಎಡಗಡೆಯ ಪೀಠದಲ್ಲಿ ಕಾಕಾ. ಮಠದ ಮುಂದೆ ಕಾರು ನಿಂತೊಡನೆ ಕಾಕೂ ಹೇಳುವ ಮಾತು ಒಂದೇ: "ಇಳೀರಿ, ಮಠ ಬಂತು. ಕಾಲ ಎತ್ರಿ, ಮ್ಯಾಟ ಹರಿತೈತಿ."

ಆದುದರಿಂದ, ಮಹನೀಯ ಓದುಗರೇ, ನಿಮ್ಮ ಬಳಿ ಮೂರು ಪೆಡಲುಗಳ ಕಾರು ಇನ್ನೂ ಉಳಿದಿದ್ದರೆ, ನಿಮ್ಮ ಓಣಿಯ ಕಾಕಾರನ್ನು ಒಂದು ರವಿವಾರ ಅರಬೈಲಿನವರೆಗಾದರೂ ಕರೆದೊಯ್ಯಿರಿ, ಹೋಗಿಬರುವಷ್ಟು ಹೊತ್ತೂ ಬಯ್ಯಿಸಿಕೊಳ್ಳಿರಿ. ಪೆಟ್ರೋಲಿನ ಖರ್ಚು ಅವರು ಕೊಡುವುದಿಲ್ಲ. ಅದನ್ನು ಮೊದಲೇ ತಿಳಿದಿರತಕ್ಕದ್ದು.