ದಾಖಲಾತಿ ಕುಸಿತಕ್ಕೆ ಕಾರಣಗಳು

ಸಣ್ಣ ಪಟ್ಟಣದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6ರಿಂದ 8ನೇ ತರಗತಿಯ ಮಕ್ಕಳು ಕಡಿಮೆಯಾಗಲು ಮೂರು ಕಾರಣಗಳಿವೆ. ಸಾಹೇಬರು ತಪಾಸಣೆಗೆ ಬಂದಾಗ ಅವು ಈ ಕ್ರಮದಲ್ಲಿ ಹೊರಬೀಳುತ್ತವೆ.

ಮೊದಲನೆಯದು, ಅನ್ಯ ಕೆಲಸ.

“ಏನ್ರೀ ಮೇಷ್ಟ್ರೇ, ಮಕ್ಕಳಿಗೆ ಲೆಕ್ಕ ಯಾಕೆ ಬರಲ್ಲ?”

“ಲೆಕ್ಕದ ಮೇಷ್ಟ್ರು ಮತದಾರರನ್ನು ಎಣಿಸೋಕೆ ಹೋಗಿದ್ದಾರೆ ಸಾರ್.”

ಎರಡನೆಯದು, ಅನುಪಾತ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಈ ತರಗತಿಗಳಲ್ಲಿ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು.

“ಮಕ್ಕಳು ಕಡಿಮೆ. ಒಬ್ಬ ಶಿಕ್ಷಕರು ಹೆಚ್ಚುವರಿ, ವರ್ಗ ಮಾಡ್ತೀವಿ.”

“ಮೇಷ್ಟ್ರಿಲ್ಲ ಅಂತ ಮಕ್ಕಳೂ ಹೋಗ್ತಾರೆ ಸಾರ್.”

“ಆಗ ಇನ್ನೊಬ್ಬರನ್ನೂ ವರ್ಗ ಮಾಡೋಣ.”

ಮೂರನೆಯದು, ಇಂಗ್ಲಿಷ್. ಹಾಲು, ಮೊಟ್ಟೆ, ಬಿಸಿಯೂಟ, ಪಠ್ಯಪುಸ್ತಕ, ಸಮವಸ್ತ್ರ ಎಲ್ಲವೂ ಇಲ್ಲಿ ಉಚಿತ. ಆದರೂ ಸಾಲ ಮಾಡಿ ಖಾಸಗಿ ಇಂಗ್ಲಿಷ್ ಶಾಲೆಗೆ ಶುಲ್ಕ ಕಟ್ಟುವ ಪೋಷಕರಿಗೆ ಗೇಟಿನವರೆಗೆ ಬರುವ ಹಳದಿ ವ್ಯಾನೇ ಗುಣಮಟ್ಟ.

“ಊರವರಿಗೆ ತಿಳಿಹೇಳ್ರೀ!”

“ಹೇಳ್ದೆ ಸಾರ್. ಸಾಹೇಬರ ಮಕ್ಕಳು ಎಲ್ಲಿ ಓದ್ತಾರೆ ಅಂತ ಕೇಳಿದ್ರು.”

ಸಾಹೇಬರು ಗಡಿಯಾರ ನೋಡಿ ಜೀಪು ಹತ್ತುತ್ತಾರೆ. ತಪಾಸಣಾ ವರದಿಯಲ್ಲಿ ಈ ಮೂರೂ ಕಾರಣಗಳು ಇರುವುದಿಲ್ಲ. ಅಲ್ಲಿರುವುದು ನಾಲ್ಕನೆಯದು: ಮುಖ್ಯಶಿಕ್ಷಕರ ನಿರಾಸಕ್ತಿ.