ಮೂಕಿ ಮುಖಗಳ ಮೋಹ

ಸಿಂಧನೂರಿನಲ್ಲಿ ಭತ್ತ ಕೂಡಿಟ್ಟವನಿಗೆ ಮರ್ಯಾದೆ ಉಂಟು, ಸೈಟು ಕೂಡಿಟ್ಟವನಿಗೆ ಇನ್ನೂ ಹೆಚ್ಚು. ಮೂಕಿ ಸಿನಿಮಾದ ಹಳೇ ಫೋಟೋ ಕೂಡಿಟ್ಟವನಿಗೆ ಮಾತ್ರ ಚಹಾದಂಗಡಿಯಲ್ಲಿ ಕುರ್ಚಿ ಕೊಡುವ ಮುಂಚೆ ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. "ಇದರಾಗ ಏನ್ ಸಿಗತದ್ರೀ?" ಅಂತ ಕೇಳುತ್ತಾರೆ. ಏನೂ ಸಿಗುವುದಿಲ್ಲ ಎಂದರೆ ನಂಬುವುದಿಲ್ಲ.

ನಮ್ಮ ಕಡೆ ಸಿನಿಮಾ ಶುರುವಾಗುತ್ತಿದ್ದುದು ಪರದೆಯ ಮೇಲಲ್ಲ, ಟಾಕೀಸಿನ ಹೊರಗಿನ ಗಾಜಿನ ಪೆಟ್ಟಿಗೆಯಲ್ಲಿ. ಅಲ್ಲಿ ಸೂಜಿ ಚುಚ್ಚಿಟ್ಟ ಸ್ಟಿಲ್ಲುಗಳನ್ನು ನೋಡಿ, ಟಿಕೆಟಿಗೆ ಕಾಸಿಲ್ಲದವರು ಇಡೀ ಕಥೆಯನ್ನು ತಾವೇ ಹೆಣೆದುಕೊಂಡು ಮನೆಗೆ ಹೋಗುತ್ತಿದ್ದರು. ಎಷ್ಟೋ ಸಲ ಆ ಕಥೆಯೇ ಒಳಗಿನದಕ್ಕಿಂತ ಚೆನ್ನಾಗಿರುತ್ತಿತ್ತು. ಬಹಳ ಜನ ತಿಳಿದಂತೆ ಸ್ಟಿಲ್ಲು ಎಂದರೆ ರೀಲಿನಿಂದ ಕತ್ತರಿಸಿದ ತುಂಡಲ್ಲ. ಶಾಟ್ ಮುಗಿದ ಮೇಲೆ ನಟರನ್ನು ಮತ್ತೆ ನಿಲ್ಲಿಸಿ, ಉಸಿರು ಹಿಡಿಸಿ, ಬೇರೆ ಕ್ಯಾಮೆರಾದಲ್ಲಿ ತೆಗೆದದ್ದು ಅದು. ಪೆಟ್ಟಿಗೆಯಿಂದ ನಮ್ಮನ್ನು ದಿಟ್ಟಿಸುವ ಚೆಲುವೆ ಸಿನಿಮಾದೊಳಗೆ ಆ ನೋಟ ನೋಡಿರಲೇಬೇಕೆಂದಿಲ್ಲ.

ಮೂಕಿಗಳ ವಿಷಯದಲ್ಲಿ ಈ ಫೋಟೋಗಳಿಗೆ ಎಲ್ಲಿಲ್ಲದ ಹೊಣೆ ಬಿದ್ದಿದೆ. ಭಾರತದಲ್ಲಿ ಸುಮಾರು 1300 ಮೂಕಿ ಚಿತ್ರಗಳು ತಯಾರಾದವೆಂಬ ಲೆಕ್ಕವಿದೆ. ಉಳಿದವು ಬೆರಳೆಣಿಕೆಯಷ್ಟು, ಅವುಗಳಲ್ಲೂ ಎಷ್ಟೋ ತುಂಡು ತುಂಡು. ಆಗಿನ ನೈಟ್ರೇಟ್ ಫಿಲ್ಮು ಕಿಡಿ ಸೋಕಿದರೆ ಭಗ್ಗೆನ್ನುತ್ತಿತ್ತು. ಸುಡದೆ ಉಳಿದದ್ದರಲ್ಲಿ ಬಹಳಷ್ಟನ್ನು ಅದರೊಳಗಿನ ಬೆಳ್ಳಿಯಾಸೆಗೆ ಕರಗಿಸಿದರು. ಮೂಕಿ ಕಾಲಕ್ಕೆ ತೆರೆ ಎಳೆದ 1931ರ 'ಆಲಂ ಆರಾ' ಟಾಕಿಗೂ ಅದೇ ಗತಿ. ಇವತ್ತು ಅದರ ಸ್ಟಿಲ್ಲುಗಳಿವೆ, ಸಿನಿಮಾ ಇಲ್ಲ. ಲಿಂಗಸುಗೂರಿನ ಗೆಳೆಯನಿಗೆ ಇದನ್ನೆಲ್ಲ ಕಣ್ಣಲ್ಲಿ ನೀರು ತುಂಬಿ ಹೇಳಿದೆ. ಹಟ್ಟಿ ಚಿನ್ನದ ಗಣಿಯ ನೆರಳಿನಲ್ಲಿ ಬೆಳೆದವನು, "ಟನ್ನು ರೀಲಿಗೆ ಎಷ್ಟು ಗ್ರಾಂ ಬರ್ತಿತ್ತು?" ಎಂದ.

ಸಿಂಧನೂರು, ಲಿಂಗಸುಗೂರು, ಪಕ್ಕದ ಮಸ್ಕಿ, ನಮ್ಮ ಈ ಮೂರೂರುಗಳು ಆಗ ನಿಜಾಮರ ರಾಜ್ಯ. ಮುಂಬಯಿ, ಕಲ್ಕತ್ತದಂತೆ ಹೈದರಾಬಾದಿನಲ್ಲೂ ಮೂಕಿ ತಯಾರಾಗಿತ್ತು ಎಂದರೆ ಇಲ್ಲಿನವರೇ ಹುಬ್ಬೇರಿಸುತ್ತಾರೆ. ಬಂಗಾಳದ ಧೀರೇಂದ್ರನಾಥ ಗಂಗೂಲಿ ಅಲ್ಲಿ ಲೋಟಸ್ ಫಿಲ್ಮ್ ಕಂಪನಿ ತೆರೆದು ಚಿತ್ರ ತೆಗೆಯುತ್ತಿದ್ದರು. 1924ರಲ್ಲಿ 'ರಜಿಯಾ ಬೇಗಂ' ತೋರಿಸಿದರು. ಮುಸ್ಲಿಂ ಸುಲ್ತಾನೆಗೂ ಹಿಂದೂವಿಗೂ ಪ್ರೇಮವೆಂಬ ಕಥೆ ನಿಜಾಮರಿಗೆ ಹಿಡಿಸಲಿಲ್ಲ, ಗಂಗೂಲಿ ಗಂಟುಮೂಟೆ ಕಟ್ಟಬೇಕಾಯಿತು. ಅದರ ಒಂದು ಸ್ಟಿಲ್ಲಾದರೂ ಸಿಕ್ಕೀತೆಂದು ಅಬಿಡ್ಸ್‌ನ ಭಾನುವಾರದ ಹಳೇ ಪುಸ್ತಕದ ಸಾಲಿನಲ್ಲಿ ನಾನು ಕೂತೇಳದ ಜಾಗವಿಲ್ಲ. ಪ್ರತಿ ಸಲ ಸಿಗುವುದು ಇಂಟರ್ಮೀಡಿಯೆಟ್ ಗೈಡುಗಳು.

ಇರುವುದರಲ್ಲಿ ನನಗೆ ಅಚ್ಚುಮೆಚ್ಚು ರೂಬಿ ಮೈಯರ್ಸ್, ಅಂದರೆ ಸುಲೋಚನಾ. ಟೆಲಿಫೋನ್ ಆಪರೇಟರ್ ಆಗಿದ್ದಾಕೆ. ಅಲ್ಲಿ ಬರೀ ದನಿ, ಮೂಕಿಯಲ್ಲಿ ಬರೀ ಮುಖ. ಎರಡೂ ಕಡೆ ಗೆದ್ದಳು. 1927ರ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'ಯಲ್ಲಿ ಎಂಟು ವೇಷ ಹಾಕಿದಳು. ಮುಂಬಯಿ ಗವರ್ನರಿಗಿಂತ ಆಕೆಗೆ ಹೆಚ್ಚು ಸಂಬಳ ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ನಮ್ಮ ಓಣಿಯ ಹಿರಿಯರೊಬ್ಬರಿಗೆ ಫೋಟೋ ತೋರಿಸಿದರೆ, "ಇಕಿ ಸತಿ ಸುಲೋಚನಾ ಏನ್?" ಎಂದು ಕೈಮುಗಿದರು. 1934ರ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ'ದ ಸುಲೋಚನೆ ತ್ರಿಪುರಾಂಬ ಎಂದು ತಿದ್ದುವ ಮನಸ್ಸಾಗಲಿಲ್ಲ. ನಮಸ್ಕಾರ ಯಾರಿಗೆ ಸಂದರೇನು.

ಅಣ್ಣಾ ಸಾಳುಂಕೆಯ ಫೋಟೋ ತೋರಿಸಿದರೆ ಮಾತ್ರ ಇಲ್ಲಿ ಯಾರೂ ಬೆರಗಾಗುವುದಿಲ್ಲ. ಮುಂಬಯಿಯ ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದವನನ್ನು ದಾದಾಸಾಹೇಬ ಫಾಲ್ಕೆ 1913ರ ತಮ್ಮ ಚಿತ್ರದಲ್ಲಿ ಹರಿಶ್ಚಂದ್ರನ ತಾರಾಮತಿ ಮಾಡಿದರು. 1917ರ 'ಲಂಕಾದಹನ'ದಲ್ಲಿ ಅವನೇ ರಾಮ, ಅವನೇ ಸೀತೆ. ದೊಡ್ಡಾಟದಲ್ಲಿ ಮೀಸೆ ಬೋಳಿಸಿದ ದ್ರೌಪದಿಯನ್ನು ಕಂಡ ಊರು ನಮ್ಮದು. ಅವರು ಕೇಳುವುದು ಒಂದೇ: "ರಾಮಸೀತಾ ಜೋಡಿ ಫೋಟೋ ಹ್ಯಾಂಗ ತೆಗೆದ್ರು?" ತೀರ ಸರಿಯಾದ ಪ್ರಶ್ನೆ.

ಸಂಗ್ರಹಗಾರ ಮೊದಲು ನೋಡುವುದು ಫೋಟೋದ ಬೆನ್ನನ್ನು. ಅಲ್ಲಿ ಸ್ಟುಡಿಯೋ ಮುದ್ರೆಯೋ ಪೆನ್ಸಿಲಿನಲ್ಲಿ ಗೀಚಿದ ಹೆಸರೋ ಇದ್ದರೆ ಬಂಗಾರ, ಇಲ್ಲದಿದ್ದರೆ ಅನಾಥ ಮುಖ. ಇದರ ಬೆಲೆ ಮಸ್ಕಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ದೇಶದ ತುಂಬ ಬಂಡೆಗಳ ಮೇಲೆ 'ದೇವಾನಾಂಪ್ರಿಯ' ಎಂದಷ್ಟೇ ಇದ್ದಾಗ, 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅಲ್ಲಿ ಕಂಡ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ನನ್ನ ಬಳಿಯಿರುವ ಒಬ್ಬ ಪೇಟದ ಖಳನಾಯಕ ಇನ್ನೂ ತನ್ನ ಬೀಡನ್ನನಿಗಾಗಿ ಕಾಯುತ್ತಿದ್ದಾನೆ.

ನಕಲಿಗಳೂ ಬರುತ್ತವೆ. ಭೂತಗನ್ನಡಿ ಹಿಡಿದರೆ ಚುಕ್ಕಿ ಚುಕ್ಕಿಯಾಗಿ ಮಸಿ ಕಂಡಿತೋ, ಅದು ಅಚ್ಚಿನ ಯಂತ್ರದ ಮಾಲು. ಅಸಲಿ ಹಳೇ ಪ್ರಿಂಟಿನ ಕಪ್ಪು ಭಾಗದ ಅಂಚಿನಲ್ಲಿ ಎಷ್ಟೋ ಸಲ ಬೆಳ್ಳಿ ಮೇಲೆದ್ದು ನೀಲಿ ಹೊಳಪು ಬಂದಿರುತ್ತದೆ. ಕಾಯುವ ಕಷ್ಟ ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟು ಸುತ್ತಲ ಗದ್ದೆ ತುಂಬಿದವೆಂದರೆ ಊರಿಗೆ ಸಂಭ್ರಮ, ನನ್ನ ಟ್ರಂಕಿಗೆ ಥಂಡಿ. ಫೋಟೋಗಳು ಒಂದಕ್ಕೊಂದು ಅಂಟದಂತೆ ನಡುವೆ ಕಾಗದ ಇಡಬೇಕು. ಸೆಲ್ಲೋಟೇಪು ಹಚ್ಚಿದವರನ್ನು ದೇವರೂ ಕ್ಷಮಿಸಬಾರದು.

ಮೊನ್ನೆ ಅಕ್ಕಿ ಗಿರಣಿಯ ಪರಿಚಯದವರೊಬ್ಬರು ಸುಲೋಚನಾಳನ್ನು ಬಹಳ ಹೊತ್ತು ನೋಡಿದರು. ಕೊನೆಗೂ ಒಬ್ಬ ರಸಿಕ ಸಿಕ್ಕನೆಂದು ನಾನು ಚಹಾ ತರಿಸಿದೆ. "ಸೋನಾ ಮಸೂರಿ ಚೀಲದ ಮ್ಯಾಲ ಈ ಮುಖ ಭಾಳ ಛಲೋ ಕೂಡ್ತದ," ಎಂದರು. ನಾನು ಹಕ್ಕು, ಕಾನೂನು ಎಂದೇನೋ ತೊದಲಿದೆ. ಅವರು ಚಹಾ ಮುಗಿಸಿ ಲೋಟ ಕೆಳಗಿಟ್ಟರು. "ಮೂಕಿ ಅಂತ ನೀವ ಹೇಳ್ತೀರಿ. ಮತ್ತ ತಕರಾರು ಮಾಡಾಕ ಯಾರು ಬಾಯಿ ತೆಗೀತಾರ?"